ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು ಮಾಡಿದರೆ: ಬಿಚ್ಚಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಕೊಯ್ಲಿನ ಕಾಲ ಹತ್ತಿರವಾಗುತ್ತಿದೆ. ಮೊದಲು ಅಡಿಕೆ, ಅದರ ಬೆನ್ನಿಗೆ ಅರೇಬಿಕಾ, ಆಮೇಲೆ ರೊಬಸ್ಟಾ. ಈ ನಾಲ್ಕೈದು ತಿಂಗಳು ನಮ್ಮ ಸದಸ್ಯರ ಮನೆಯಲ್ಲಿ ಒಂದು ದಿನವೂ ಸುಮ್ಮನೆ ನಿಲ್ಲದ ವಸ್ತು ಎಂದರೆ ಗಾಡಿ. ಆಳುಗಳನ್ನು ಕರೆತರುವುದು, ಚೀಲ ಸಾಗಿಸುವುದು, ಪೇಟೆಗೆ ಹೋಗುವುದು, ರಾತ್ರಿ ಯಾರಿಗಾದರೂ ಕಾಯಿಲೆಯಾದರೆ ಆಸ್ಪತ್ರೆಗೆ ಓಡುವುದು, ಎಲ್ಲವೂ ಅದರಿಂದಲೇ. ಇಂಥ ಸಮಯದಲ್ಲಿ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಬಾನೆಟ್ಟಿನ ಒಳಗಿನಿಂದ ಹೊಸದೊಂದು ಸದ್ದು ಕೇಳಿಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಗಾಡಿಯನ್ನು ನಿಲ್ಲಿಸಬೇಕೆ, ಓಡಿಸಬಹುದೆ? ಖರ್ಚು ನೂರರಲ್ಲಿ ಮುಗಿಯುವುದೇ, ಸಾವಿರಗಳಿಗೆ ಹೋಗುವುದೇ? ಈ ಬಗ್ಗೆ ಹಲವು ಸದಸ್ಯರು ನಮ್ಮನ್ನು ಕೇಳಿದ್ದರಿಂದ ಈ ಲೇಖನವನ್ನು ಪ್ರಕಟಿಸುತ್ತಿದ್ದೇವೆ.

ಎರಡು ಗಾಡಿಗಳ ಕಥೆ

ವಿಷಯಕ್ಕೆ ಹೋಗುವ ಮುನ್ನ ನಾವು ಕಣ್ಣಾರೆ ಕಂಡ ಎರಡು ಪ್ರಸಂಗಗಳನ್ನು ಹೇಳುವುದು ಒಳ್ಳೆಯದು.

ಸುಳ್ಯದ ಕಡೆಯ ನಮ್ಮ ಅಡಿಕೆ ಬೆಳೆಗಾರರೊಬ್ಬರ ಮಗಳು ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ ಮನೆ ಮಾಡಿಕೊಂಡು ಅಲ್ಲಿಯೇ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಹನ್ನೆರಡು ವರ್ಷ ಹಳೆಯದಾದ ಪೆಟ್ರೋಲ್ ಕಾರು. ಕಳೆದ ದೀಪಾವಳಿಗೆ ಊರಿಗೆ ಬರುವಾಗ ಕಾರಿನಲ್ಲಿ ಯಾವ ಸದ್ದೂ ಇರಲಿಲ್ಲ. ಹಬ್ಬ ಮುಗಿಸಿ, ಡಿಕ್ಕಿಯ ತುಂಬ ತೆಂಗಿನಕಾಯಿ, ಅಕ್ಕಿಚೀಲ, ಬಾಳೆಗೊನೆ ಹೇರಿಕೊಂಡು ಹಿಂದಿರುಗುವಾಗ ಶಿರಾಡಿ ಘಾಟಿಯ ಏರಿನಲ್ಲಿ ಕಾರು ‘ಚಿಟ ಚಿಟ ಚಿಟ’ ಎನ್ನತೊಡಗಿತು. ಡಬ್ಬದಲ್ಲಿ ಸಣ್ಣ ಕಲ್ಲು ಹಾಕಿ ಕುಲುಕಿದಂಥ ಸದ್ದು. ಕಾಲು ತೆಗೆದರೆ ಇಲ್ಲ, ಒತ್ತಿದರೆ ಮತ್ತೆ ಹಾಜರು. ಬೆಂಗಳೂರಿನಲ್ಲಿ ಒಂದು ವರ್ಕ್‌ಶಾಪಿನವರು ಕೇಳಿ ನೋಡಿ, ಪಿಸ್ಟನ್ ಸವೆದಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು ಎಂದರು. ಅವರು ಹೇಳಿದ ಮೊತ್ತ ಕೇಳಿ ಆಕೆ ತಂದೆಗೆ ಫೋನ್ ಮಾಡಿದರು. ತಂದೆಯವರ ಕೈಯಲ್ಲಿ ಆಗ ಇದ್ದದ್ದು ಕೊಯ್ಲಿನ ಕೂಲಿಗೆಂದು ಇಟ್ಟುಕೊಂಡ ಹಣ. ಅದನ್ನೇ ಕಳುಹಿಸಿಬಿಡುವುದೇ ಎಂದು ಅವರು ನಮ್ಮನ್ನು ಕೇಳಿದರು.

ಎರಡನೆಯದು ನಮ್ಮ ಪಕ್ಕದ ತೋಟದವರ ಹಳೆಯ ಡೀಸೆಲ್ ಜೀಪು. ಅದರಲ್ಲಿ ‘ಟೊಕ್ ಟೊಕ್’ ಎಂಬ ದಪ್ಪನೆಯ ಸದ್ದು ಶುರುವಾಗಿ ಹದಿನೈದು ದಿನವಾಗಿತ್ತು. “ಡೀಸೆಲ್ ಗಾಡಿ ಅಂದ್ಮೇಲೆ ಸದ್ದು ಇದ್ದದ್ದೇ, ಕಾಫಿ ಕೊಯ್ಲು ಮುಗೀಲಿ” ಎಂದು ಅವರು ಓಡಿಸುತ್ತಲೇ ಇದ್ದರು. ಒಂದು ಸಂಜೆ ಚೀಲಗಳ ಸಹಿತ ಏರಿನಲ್ಲಿ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ನಿನ ಬ್ಲಾಕ್ ಒಡೆದು ಹೊರಗೆ ಬಂತು. ಎಣ್ಣೆ ರಸ್ತೆಯ ಮೇಲೆಲ್ಲ ಹರಿಯಿತು. ಜೀವಕ್ಕೆ ಅಪಾಯವಾಗಲಿಲ್ಲ ಎಂಬುದೊಂದೇ ಸಮಾಧಾನ. ಆ ಕೊಯ್ಲು ಪೂರ್ತಿ ಅವರು ಬಾಡಿಗೆ ಗಾಡಿಯಲ್ಲಿ ಕಳೆದರು.

ಮೊದಲನೆಯವರು ಬೇಡದ ಖರ್ಚಿಗೆ ಇಳಿಯುವುದರಲ್ಲಿದ್ದರು. ಎರಡನೆಯವರು ಬೇಕಾದ ಖರ್ಚನ್ನು ಮುಂದೂಡಿ ಹತ್ತರಷ್ಟು ತೆತ್ತರು. ಎರಡಕ್ಕೂ ಕಾರಣ ಒಂದೇ, ಸದ್ದನ್ನು ಗುರುತಿಸದೆ ಹೋದದ್ದು. ತೋಟದಲ್ಲಿ ನಾವು ಹೀಗೆ ಮಾಡುವುದಿಲ್ಲ. ಎಲೆ ತುಕ್ಕಿಗೂ ಅಡಿಕೆಯ ಕೊಳೆಗೂ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಕಾಂಡಕೊರಕ ಹಿಡಿದ ಗಿಡಕ್ಕೆ ಎಷ್ಟು ಬೋರ್ಡೋ ಹೊಡೆದರೂ ಪ್ರಯೋಜನವಿಲ್ಲವೆಂದು ನಮಗೆ ಗೊತ್ತು. ಮೊದಲು ರೋಗ, ಆಮೇಲೆ ಮದ್ದು. ಇಂಜಿನ್ನಿಗೂ ಇದೇ ನ್ಯಾಯ.

ದೊಡ್ಡನೆಕ್ಕುಂದಿಯಲ್ಲಿ ಕಂಡದ್ದು

ಸಂಘದ ಕೆಲಸದ ಮೇಲೆ ನಾವು ಬೆಂಗಳೂರಿಗೆ ಹೋಗಿದ್ದಾಗ ಆ ಕಾರನ್ನು ನೋಡಿದೆವು. ದೊಡ್ಡನೆಕ್ಕುಂದಿ ಇರುವುದು ಹೊರ ವರ್ತುಲ ರಸ್ತೆಯಲ್ಲಿ, ಮಾರತಹಳ್ಳಿಗೂ ಮಹದೇವಪುರಕ್ಕೂ ನಡುವೆ. ಒಂದು ಕಡೆ ಗಾಜಿನ ಗೋಡೆಯ ದೊಡ್ಡ ಕಚೇರಿಗಳು, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಅಲ್ಲಿಯ ಒಂದು ಓಣಿಯಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿಗೆ ಕಾರನ್ನು ಒಯ್ದೆವು.

ಅವರು ಸ್ಪಾನರ್ ಮುಟ್ಟಲೇ ಇಲ್ಲ. ಮೊದಲು ಪ್ರಶ್ನೆಗಳು. “ಯಾವಾಗ ಬರುತ್ತೆ ಸಾರ್? ನಿಂತಿದ್ದಾಗ ಬರುತ್ತಾ, ಏರಲ್ಲಿ ಮಾತ್ರಾನಾ? ತಣ್ಣಗಿದ್ದಾಗ ಬರುತ್ತಾ, ಬಿಸಿಯಾದ ಮೇಲಾ? ನೀರು ಎಷ್ಟು ದಿನಕ್ಕೊಮ್ಮೆ ಹಾಕ್ತೀರಾ?” ಕೊನೆಯ ಪ್ರಶ್ನೆಗೆ ಆ ಹೆಣ್ಣುಮಗಳು, “ವಾರಕ್ಕೊಮ್ಮೆ ಬಾಟ್ಲಿ ನೀರು ಹಾಕ್ತಿರ್ತೀನಿ ಅಂಕಲ್, ಕಡಿಮೆ ಆಗ್ತಾನೇ ಇರುತ್ತೆ” ಎಂದರು. ಮೇಸ್ತ್ರಿ ತಲೆಯಾಡಿಸಿದರು.

ರೇಡಿಯೇಟರಿನ ಒಂದು ಹೋಸ್ ಪೈಪಿನಲ್ಲಿ ಸಣ್ಣ ಸೋರಿಕೆ. ಬರೀ ನೀರು ಹಾಕಿ ಹಾಕಿ ಒಳಗೆಲ್ಲ ಕೆಂಪು ತುಕ್ಕು. ಪ್ಲಗ್ಗುಗಳನ್ನು ಬದಲಿಸಿ ಎಷ್ಟು ಕಾಲವಾಗಿತ್ತೋ, ತುದಿ ಸವೆದು ಸಂದು ದೊಡ್ಡದಾಗಿತ್ತು, ಮೇಲೆಲ್ಲ ಮಸಿ. ದಿನವೂ ವರ್ತುಲ ರಸ್ತೆಯ ದಟ್ಟಣೆಯಲ್ಲಿ ಎರಡನೇ ಗೇರಿನಲ್ಲಿ ತೆವಳುವ ಕಾರಿಗೆ ಇಂಗಾಲ ಕಟ್ಟದೆ ಇನ್ನೇನಾದೀತು? ರೇಡಿಯೇಟರ್ ತೊಳೆಸಿ, ಹೋಸ್ ಬದಲಿಸಿ, ಕೂಲೆಂಟ್ ತುಂಬಿ, ಅದೇ ನಂಬರಿನ ಹೊಸ ಪ್ಲಗ್ ಹಾಕಿ, ಥ್ರಾಟಲ್ ಬಾಡಿ ಮತ್ತು ಇಂಗಾಲ ಸ್ವಚ್ಛ ಮಾಡಿದರು. ಏರಿನಲ್ಲಿ ಒಂದು ಗೇರ್ ಕೆಳಗೆ ಹಾಕಲು ಹೇಳಿದರು. ಸಂಕ್ರಾಂತಿಗೆ ಅದೇ ಘಾಟಿ, ಅದೇ ಹೊರೆ, ಸದ್ದು ಮಾತ್ರ ಇಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತಾಗುತ್ತಿತ್ತು.

ಮೊದಲು ಮಾಡತಕ್ಕ ನಾಲ್ಕು ಪರೀಕ್ಷೆಗಳು

ಇವಕ್ಕೆ ಯಾವ ಉಪಕರಣವೂ ಬೇಡ.

1. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಆಕ್ಸಿಲರೇಟರ್ ಕೊಡಿ. ಆಗಲೂ ಸದ್ದು ಬಂದರೆ ದೋಷ ಇಂಜಿನ್ನಿನಲ್ಲಿ, ಬೆಲ್ಟಿನಲ್ಲಿ ಅಥವಾ ಸೈಲೆನ್ಸರ್ ಪೈಪಿನಲ್ಲಿ ಇರಬಹುದು. ಹೊರೆ ಬಿದ್ದಾಗ ಮಾತ್ರ ಬಂದರೆ ಬೇರೆ ಲೆಕ್ಕ.

2. ಖಾಲಿಯಿರುವ ಸಮತಟ್ಟು ರಸ್ತೆಯಲ್ಲಿ ಓಡುತ್ತಿರುವಾಗ ಕ್ಲಚ್ ಒತ್ತಿ ಇಂಜಿನ್ನನ್ನು ಐಡಲ್‌ಗೆ ಬಿಡಿ. ಸದ್ದು ನಿಂತರೆ ಅದು ಇಂಜಿನ್ನಿನದು. ಗಾಡಿಯ ಓಟಕ್ಕೆ ತಕ್ಕಂತೆ ಸದ್ದು ಮುಂದುವರಿದರೆ ಅದು ಚಕ್ರದ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್ ಅಥವಾ ಕ್ರೌನಿನದು. ಈ ಪರೀಕ್ಷೆಯನ್ನು ಘಾಟಿಯ ಇಳಿಜಾರಿನಲ್ಲಿ ಎಂದೂ ಮಾಡಕೂಡದು.

3. ಬೆಳಿಗ್ಗೆ ತಣ್ಣಗಿರುವಾಗ ಸದ್ದು ಹೆಚ್ಚೋ, ಹತ್ತು ಮೈಲಿ ಓಡಿ ಬಿಸಿಯಾದ ಮೇಲೆ ಹೆಚ್ಚೋ ಎಂದು ಗಮನಿಸಿ.

4. ಸದ್ದು ಬರುವುದು ಆಕ್ಸಿಲರೇಟರ್ ಒತ್ತುವ ಕ್ಷಣದಲ್ಲೋ, ಒಂದೇ ವೇಗದಲ್ಲಿ ಹೋಗುವಾಗಲೋ, ಕಾಲು ತೆಗೆದಾಗಲೋ ಎಂದು ನೋಡಿ.

ಈ ನಾಲ್ಕರ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೇಸ್ತ್ರಿಗೆ ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.

ಸದ್ದಿನ ಜಾಗ ಹುಡುಕಲು ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಇಂಜಿನ್ನಿನ ಬೇರೆಬೇರೆ ಕಡೆ ಒತ್ತಿ ಹಿಡಿಯನ್ನು ಕಿವಿಗೆ ತಾಗಿಸಿದರೆ ಡಾಕ್ಟರ ಸ್ಟೆತಾಸ್ಕೋಪಿನಂತೆ ಕೇಳಿಸುತ್ತದೆ. ಪಂಚೆ, ಟವಲು, ಸೆರಗು, ಕೈಬಳೆ ಬೆಲ್ಟಿನ ಹತ್ತಿರ ಸುಳಿಯಬಾರದು. ವಿದ್ಯುತ್ ಫ್ಯಾನ್ ಇರುವ ಗಾಡಿಗಳಲ್ಲಿ ಇಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದೆಂಬುದು ನೆನಪಿರಲಿ.

ಚಿಟ ಚಿಟ: ನಾಕಿಂಗ್

ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಉರಿ ಹೊತ್ತಿ, ಸಿಲಿಂಡರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಹರಡಬೇಕು. ಬಿಸಿಯೂ ಒತ್ತಡವೂ ಮಿತಿ ಮೀರಿದರೆ, ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಅನಿಲ ತಾನಾಗಿ ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತ ಲೋಹಕ್ಕೆ ಬಡಿಯುವ ಸದ್ದೇ ನಾವು ಕೇಳುವ ‘ಚಿಟ ಚಿಟ’. ಯಾವಾಗಲೋ ಒಮ್ಮೆ ಬಂದುಹೋದರೆ ಭಯವಿಲ್ಲ. ದಿನಾ ಬಡಿದರೆ ಪಿಸ್ಟನ್ನಿನ ತಲೆ ತೂತಾಗುವುದುಂಟು, ರಿಂಗು ಮುರಿಯುವುದುಂಟು, ಹೆಡ್ ಗ್ಯಾಸ್ಕೆಟ್ ಹೋಗುವುದುಂಟು.

ಹೀಗೆ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಪೆಟ್ರೋಲಿನ ಗುಣಕ್ಕೆ ಆಕ್ಟೇನ್ ಎಂಬ ಅಳತೆಯಿದೆ. ಅಂಕ ಹೆಚ್ಚಿದಷ್ಟೂ ತಡೆ ಹೆಚ್ಚು. ನಮ್ಮ ತೋಟಗಳಲ್ಲಿದ್ದ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುತ್ತಿದ್ದ ಪಂಪ್‌ಸೆಟ್ಟುಗಳು ಹಿರಿಯ ಸದಸ್ಯರಿಗೆ ನೆನಪಿರಬಹುದು. ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆ. ಆದ್ದರಿಂದಲೇ ಆ ಇಂಜಿನ್ನುಗಳಲ್ಲಿ ಒತ್ತಡವನ್ನು ಕಡಿಮೆ ಇಟ್ಟಿದ್ದರು. ಅದೇ ಸೀಮೆಎಣ್ಣೆ ಬೆರೆತ ಪೆಟ್ರೋಲನ್ನು ಹೆಚ್ಚು ಒತ್ತಡದ ಕಾರಿಗೆ ಹಾಕಿದರೆ ಏರಿನಲ್ಲಿ ಚಿಟಗುಟ್ಟದೆ ಬಿಡದು. ಪೆಟ್ರೋಲ್ ತುಂಬಿಸಿದ ಮರುದಿನವೇ ಸದ್ದು ಶುರುವಾದರೆ ಮೊದಲ ಸಂಶಯ ಪೆಟ್ರೋಲಿನ ಮೇಲೆ ಇರಲಿ.

ನಾಕಿಂಗ್ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಕಂಡುಕೊಂಡರು. ಸೀಸ ವಿಷವೆಂಬ ಕಾರಣದಿಂದ ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ಒಂದು ಕಾಲಕ್ಕೆ ನಮ್ಮ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 87 ಇತ್ತು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6ರ ಮಾನಕದಲ್ಲಿ ಅದು 91. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಅದರ ಆಕ್ಟೇನ್ 95. ಎಥನಾಲಿಗೆ ನಾಕಿಂಗ್ ತಡೆಯುವ ಗುಣ ಹೆಚ್ಚು.

ಆದರೆ ಮಲೆನಾಡಿನವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಎಥನಾಲ್ ತೇವವನ್ನು ಹೀರುತ್ತದೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನೊಂದಿಗೆ ಗಾಡಿ ಸುಮ್ಮನೆ ನಿಂತಿದ್ದರೆ, ತೇವ ಮಿತಿ ಮೀರಿದಾಗ ಎಥನಾಲೂ ನೀರೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ, ತಳದ ನೀರು ತುಕ್ಕು ಹಿಡಿಸುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಉಬ್ಬಿ ಮೆತ್ತಗಾಗುವುದೂ ಉಂಟು. ಆದ್ದರಿಂದ ಓಡಿಸದ ಗಾಡಿಯಲ್ಲಿ ಹಳೆಯ ಪೆಟ್ರೋಲ್ ಇಡಬಾರದು. ಕಳೆ ಕೊಚ್ಚುವ ಯಂತ್ರಕ್ಕೂ ಸ್ಪ್ರೇಯರಿಗೂ ಇದೇ ಮಾತು. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಬೇಕು.

ನಾಕಿಂಗಿನ ಇತರ ಕಾರಣಗಳು ಇವು: ಇಂಜಿನ್ ಅತಿಯಾಗಿ ಕಾಯುವುದು, ಸಿಲಿಂಡರಿನೊಳಗೆ ಇಂಗಾಲ ಕಟ್ಟುವುದು, ಹೊಂದದ ನಂಬರಿನ ಪ್ಲಗ್, ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಗಳಲ್ಲಿ ಟೈಮಿಂಗ್ ಅಡ್ವಾನ್ಸ್ ಆಗಿರುವುದು, ಮತ್ತು ಏರಿನಲ್ಲಿ ಮೇಲಿನ ಗೇರಿನಲ್ಲೇ ದಬ್ಬುವುದು. ಕೊನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ, ಗೇರ್ ಇಳಿಸಿದರಾಯಿತು.

ಘಾಟಿಯ ಜನ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮಡಿಕೇರಿಯಂಥ ಎತ್ತರದ ಊರಿನಲ್ಲಿ ಗಾಳಿ ತೆಳು. ಅಲ್ಲಿ ಟೈಮಿಂಗ್ ಹೊಂದಿಸಿದ ಹಳೆಯ ಗಾಡಿ ಸದ್ದಿಲ್ಲದೆ ಓಡಬಹುದು. ಅದೇ ಗಾಡಿ ಸಂಪಾಜೆ ಇಳಿದು ಪುತ್ತೂರು ಸೇರಿದರೆ ಅಲ್ಲಿಯ ದಟ್ಟ ಗಾಳಿಗೂ ಸೆಕೆಗೂ ಚಿಟಗುಟ್ಟಬಹುದು. ಗಾಡಿ ಹೆಚ್ಚು ಓಡುವ ಕಡೆಗೆ ತಕ್ಕಂತೆ ಟೈಮಿಂಗ್ ಇಡಿಸಬೇಕು. ಹೊಸ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಇಂಜಿನ್ನಿನ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಎಂಬ ಸಣ್ಣ ಸಾಧನ ಬಡಿತವನ್ನು ಕೇಳಿಸಿಕೊಂಡು ತಿಳಿಸಿದೊಡನೆ ಕಂಪ್ಯೂಟರ್ ಕಿಡಿಯನ್ನು ತುಸು ತಡ ಮಾಡುತ್ತದೆ. ಇಂಥ ಕಾರಿನಲ್ಲಿ ಸದ್ದಿನ ಜತೆ ಇಂಜಿನ್ನಿನ ಹಳದಿ ದೀಪವೂ ಹೊತ್ತಿಕೊಂಡರೆ ಮೊದಲು ಸ್ಕ್ಯಾನರ್ ಹಾಕಿಸಿ ನೋಡುವುದು ಸರಿಯಾದ ಕ್ರಮ. ಇಲಿ ಕಡಿದ ಒಂದು ತಂತಿಯಿಂದಲೂ ದೀಪ ಹೊತ್ತಬಹುದು. ಅಡಿಕೆ ಅಟ್ಟದ ಕೆಳಗೆ ಗಾಡಿ ನಿಲ್ಲಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಟಿಕ್ ಟಿಕ್: ಟ್ಯಾಪೆಟ್

ಹೊಲಿಗೆ ಯಂತ್ರದಂಥ ಹಗುರ ಸದ್ದು, ಇಂಜಿನ್ನಿನ ಮೇಲ್ಭಾಗದಿಂದ, ನಿಂತಾಗಲೂ ಓಡುವಾಗಲೂ ಬಂದರೆ ಅದು ಟ್ಯಾಪೆಟ್. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಆದ್ದರಿಂದ ಇಂಜಿನ್ ಎರಡು ಸುತ್ತು ತಿರುಗಿದಾಗ ಒಂದು ವಾಲ್ವಿನ ‘ಟಿಕ್’ ಒಮ್ಮೆ ಬರುತ್ತದೆ. ಗಾಡಿಯ ಪುಸ್ತಕದಲ್ಲಿ ಕೊಟ್ಟ ಅಳತೆಗೆ ಫೀಲರ್ ಗೇಜಿನಿಂದ ಹೊಂದಿಸಿದರೆ ಸರಿಹೋಗುತ್ತದೆ. ಸದ್ದಿನ ಮೇಲಿನ ಸಿಟ್ಟಿನಿಂದ ಅತಿಯಾಗಿ ಬಿಗಿಯಬಾರದು. ಸಡಿಲ ಟ್ಯಾಪೆಟ್ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿ ಟ್ಯಾಪೆಟ್ ಸದ್ದಿಲ್ಲದೆ ವಾಲ್ವನ್ನು ಸುಟ್ಟುಹಾಕುತ್ತದೆ. ಎಣ್ಣೆಯಿಂದ ತಾನಾಗಿ ಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಗಾಡಿಯಲ್ಲಿ ಈ ಸದ್ದು ಬಂದರೆ ಇಂಜಿನ್ ಆಯಿಲ್ ಮಟ್ಟ ಮೊದಲು ನೋಡಬೇಕು.

ಫಟ್ ಫಟ್: ಹೊಗೆಯ ಸೋರಿಕೆ

ಇದು ಟ್ಯಾಪೆಟ್ಟಿನಂತೆಯೇ ಕೇಳಿಸಿ ಅನೇಕರನ್ನು ಮೋಸಗೊಳಿಸುತ್ತದೆ. ಇಂಜಿನ್ನಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡುವಲ್ಲಿ ಪ್ಯಾಕಿಂಗ್ ಸುಟ್ಟಿದ್ದರೆ ಅಥವಾ ಬೋಲ್ಟ್ ಸಡಿಲವಾಗಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಹೊಗೆ ಅಲ್ಲಿಂದ ನುಗ್ಗಿ ಸದ್ದು ಮಾಡುತ್ತದೆ. ಗುರುತು: ತಣ್ಣಗಿರುವಾಗ ಸದ್ದು ಜಾಸ್ತಿ, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಕಡಿಮೆ. ಸೋರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇರುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಇನ್ನೊಬ್ಬರಿಂದ ದಪ್ಪ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಒಂದೆರಡು ಕ್ಷಣ ಒತ್ತಿಸಿದರೆ ಸೋರುವ ಕಡೆಯ ‘ಸುಸ್’ ಎಂಬ ಸದ್ದು ಹೆಚ್ಚುತ್ತದೆ.

ಪ್ಯಾಕಿಂಗ್ ಬದಲಿಸುವುದು ಸಣ್ಣ ಕೆಲಸ. ಆದರೆ ಇದನ್ನು ಸಣ್ಣದೆಂದು ಬಿಡಬಾರದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಾಡಪಾಲು ಮುಚ್ಚಿದ ಜೀಪಿನಲ್ಲಿ, ಗಾಜು ಏರಿಸಿದ ಕಾರಿನಲ್ಲಿ ಅದು ಒಳಗೆ ಸೇರಿದರೆ ಮೊದಲು ತಲೆನೋವು, ತೂಕಡಿಕೆ, ಆಮೇಲೆ ಪ್ರಾಣಕ್ಕೇ ಸಂಚಕಾರ. ಮಳೆಯ ದಿನ ಮಕ್ಕಳನ್ನೂ ಆಳುಗಳನ್ನೂ ಹಿಂದೆ ಕೂರಿಸಿಕೊಂಡು ಹೋಗುವ ನಾವು ಇದನ್ನು ಮರೆಯಕೂಡದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಯಾವ ಇಂಜಿನ್ನನ್ನೂ ಓಡಿಸಬಾರದು.

ಕೀಚಲು, ಗೊರಗೊರ ಮತ್ತು ಶೂ ಎಂಬ ಸದ್ದುಗಳು

ಆಕ್ಸಿಲರೇಟರ್ ಒತ್ತಿದೊಡನೆ ‘ಕೀಂಯ್’ ಎಂದರೆ ಫ್ಯಾನ್ ಬೆಲ್ಟ್ ಜಾರುತ್ತಿದೆ. ದೂರದಿಂದ ಸ್ವಲ್ಪ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ಅದು ಬೆಲ್ಟಿನದೇ. ಬಿರುಕು ಬಿಟ್ಟಿದ್ದರೆ ಬದಲಿಸಿ, ಸಡಿಲವಿದ್ದರೆ ಬಿಗಿಸಿ. ನೀರು ಹಾಕಿದರೂ ಬದಲಾಗದ ‘ಗೊರ್’ ಸದ್ದಾದರೆ ಡೈನಮೋ ಅಥವಾ ವಾಟರ್ ಪಂಪಿನ ಬೇರಿಂಗ್ ನೋಡಿಸಿ.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತಗಡು ಅದುರಿದಂತೆ ಕೇಳಿದರೆ ಸೈಲೆನ್ಸರಿನ ಮೇಲಿನ ರಕ್ಷಣಾ ತಗಡಿನ ಬೋಲ್ಟು ಸಡಿಲವಾಗಿರುತ್ತದೆ. ನಮ್ಮ ಕಲ್ಲುರಸ್ತೆಗಳಲ್ಲಿ ಇದು ತೀರ ಸಾಮಾನ್ಯ. ಆಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ಒಂದೊಂದು ‘ಧಡ್’ ಎಂದು ಇಂಜಿನ್ನೇ ಅಲುಗಿದಂತಾದರೆ ಇಂಜಿನ್ ಮೌಂಟಿಂಗಿನ ರಬ್ಬರ್ ಹರಿದಿದೆ ಎಂದು ತಿಳಿಯಬಹುದು.

ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಸಣ್ಣ ಶಿಳ್ಳೆ ಸಹಜ. ‘ಶೂ’ ಎಂದು ಗಾಳಿ ಸೋರುವ ಸದ್ದು, ಎಳೆತ ಕಡಿಮೆ, ಕಪ್ಪು ಹೊಗೆ, ಈ ಮೂರೂ ಒಟ್ಟಿಗೆ ಬಂದರೆ ಟರ್ಬೊವಿನಿಂದ ಇಂಜಿನ್ನಿಗೆ ಹೋಗುವ ಗಾಳಿಯ ರಬ್ಬರ್ ಪೈಪು ಸೀಳಿದೆಯೇ ನೋಡಿಸಿ. ಪೈಪು ನೋಡದೆ ಟರ್ಬೊ ಬದಲಿಸಬೇಡಿ.

ಡೀಸೆಲ್ಲಿನ ಬಡಿತ

ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ, ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಬಡಿತ ಅದರ ಸ್ವಭಾವ, ಚಳಿಯ ಬೆಳಿಗ್ಗೆ ಇನ್ನೂ ಸ್ವಲ್ಪ ಹೆಚ್ಚು. ಇದ್ದಕ್ಕಿದ್ದಂತೆ ಒಂದು ಸಿಲಿಂಡರಿನಿಂದ ಮಾತ್ರ ಗಟ್ಟಿ ಬಡಿತ, ಜತೆಗೆ ಹೊಗೆ ಬಂದರೆ ಇಂಜೆಕ್ಟರಿನ ಸೂಜಿ ಅಂಟಿಕೊಂಡಿರಬಹುದು. ಹಳೆಯ ಪಂಪಿನ ಗಾಡಿಗಳಲ್ಲಿ ಮೇಸ್ತ್ರಿಗಳು ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನು ತುಸು ಸಡಿಲಿಸಿ, ಯಾವುದನ್ನು ಸಡಿಲಿಸಿದಾಗ ಬಡಿತ ನಿಲ್ಲುವುದೋ ಅದೇ ದೋಷದ್ದೆಂದು ಗುರುತಿಸುತ್ತಾರೆ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ ಈ ಉಪಾಯ ಸರ್ವಥಾ ಕೂಡದು. ಆ ಪೈಪುಗಳಲ್ಲಿ ಸಾವಿರ ಬಾರಿಗೂ ಮೀರಿದ ಒತ್ತಡವಿರುತ್ತದೆ. ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು.

ನಮ್ಮ ಹಿರಿಯರ ಬಾಯಲ್ಲಿ ಡೀಸೆಲ್ ಪಂಪೆಂದರೂ ಪ್ಲಗ್ಗೆಂದರೂ ‘ಮೈಕೊ’. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 1951ರಲ್ಲಿ ಸ್ಥಾಪನೆಯಾಯಿತು, 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್. ಯಾವ ಹೆಸರಿನದಾದರೂ ಸರಿ, ಪ್ಲಗ್, ಇಂಜೆಕ್ಟರುಗಳನ್ನು ಬಿಲ್ ಕೊಡುವ ಅಂಗಡಿಯಿಂದಲೇ ಕೊಳ್ಳಬೇಕು. ನಕಲಿ ಪ್ಲಗ್ಗಿನಲ್ಲಿ ಉಳಿಸಿದ ಹಣ ಪಿಸ್ಟನ್ನಿನಲ್ಲಿ ಹೋಗುತ್ತದೆ.

ಟೊಕ್ ಟೊಕ್: ಗಾಡಿ ನಿಲ್ಲಿಸಬೇಕಾದ ಸದ್ದು

ಇಂಜಿನ್ನಿನ ಕೆಳಭಾಗದಿಂದ ಸುತ್ತಿಗೆಯಲ್ಲಿ ಮರದ ಕೊರಡಿಗೆ ಹೊಡೆದಂಥ ದಪ್ಪ ಸದ್ದು, ಬಿಸಿಯಾದಷ್ಟೂ ಹೆಚ್ಚು, ಆಕ್ಸಿಲರೇಟರ್ ಏರಿಸಿದಾಗಲೂ ಇಳಿಸಿದಾಗಲೂ ಸ್ಪಷ್ಟ, ಆಯಿಲ್ ದೀಪ ಮಿನುಗುವುದು, ಇವು ಕಂಡರೆ ಅದು ಬೇರಿಂಗ್. ಕ್ರ್ಯಾಂಕ್ ಶಾಫ್ಟಿಗೂ ಬೇರಿಂಗಿಗೂ ನಡುವೆ ಎಣ್ಣೆಯ ತೆಳುಪದರ ಇರಬೇಕು. ಎಣ್ಣೆ ಕಡಿಮೆಯಾಗಿಯೋ, ಹಳಸಿಯೋ, ಡೀಸೆಲ್ ಬೆರೆತು ತೆಳುವಾಗಿಯೋ ಆ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ.

ಇಲ್ಲಿ ಮಾಡತಕ್ಕದ್ದು ಒಂದೇ. ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ಡಿಪ್ ಸ್ಟಿಕ್ ಎಳೆದು ನೋಡಿ. ಎಣ್ಣೆ ತುಂಬಿ ಸದ್ದು ಪೂರ್ತಿ ಹೋದರೆ ನಿಧಾನವಾಗಿ ಹತ್ತಿರದ ಗ್ಯಾರೇಜು ಸೇರಿ. ಹೋಗದಿದ್ದರೆ ಇನ್ನೊಂದು ಗಾಡಿಯಿಂದ ಎಳೆಸಿಕೊಂಡು ಹೋಗಿ. ಆರಂಭದಲ್ಲೇ ನಿಲ್ಲಿಸಿದರೆ ಹಲವು ಸಲ ಬೇರಿಂಗ್ ಬದಲಾವಣೆಯಲ್ಲೇ ಮುಗಿಯುತ್ತದೆ. ಓಡಿಸಿದರೆ ಕ್ರ್ಯಾಂಕ್ ಗೀರು ಬಿದ್ದು ಅದನ್ನು ಗ್ರೈಂಡ್ ಮಾಡಿಸಿ 0.25 ಮಿ.ಮೀ. ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಿಸಬೇಕಾಗುತ್ತದೆ. ಇನ್ನೂ ಓಡಿಸಿದರೆ ನಮ್ಮ ನೆರೆಯವರ ಜೀಪಿನ ಗತಿ.

ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಪೊಳ್ಳಾಗಿ ಬಡಿದು ಬಿಸಿಯಾದ ಮೇಲೆ ಮಾಯವಾಗುವ ಸದ್ದು ಪಿಸ್ಟನ್ನಿನದು. ಅದು ಸವೆತದ ಗುರುತು. ಎಣ್ಣೆ ಸುಡದಿದ್ದರೆ ಒಂದು ಕೊಯ್ಲು ತಳ್ಳಬಹುದು. ಬಿಸಿಯಾದಂತೆ ಹೆಚ್ಚುವುದನ್ನು ಮಾತ್ರ ತಳ್ಳುವಂತಿಲ್ಲ.

ಗ್ಯಾರೇಜಿನಲ್ಲಿ

ಇಂಜಿನ್ ಇಳಿಸಬೇಕೆಂದು ಯಾರಾದರೂ ಹೇಳಿದರೆ, ಯಾವ ಪರೀಕ್ಷೆಯಿಂದ ತಿಳಿಯಿತೆಂದು ವಿನಯದಿಂದಲೇ ಕೇಳಿ. ಕಂಪ್ರೆಷನ್ ನೋಡಿದರೆ, ಆಯಿಲ್ ಪ್ರೆಶರ್ ಅಳೆದರೆ, ಎಣ್ಣೆಯಲ್ಲಿ ಲೋಹದ ಪುಡಿ ಇತ್ತೆ? ಬಲ್ಲ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಕಡಿಮೆ ಖರ್ಚಿನದನ್ನು ಮೊದಲು ನೋಡಿಸಿ: ಎಣ್ಣೆ, ಕೂಲೆಂಟ್, ಪೆಟ್ರೋಲ್, ಪ್ಲಗ್, ಬೆಲ್ಟ್, ಬೋಲ್ಟು, ಪ್ಯಾಕಿಂಗ್. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ತೋಟದ ಲೆಕ್ಕದ ಪುಸ್ತಕದ ಕೊನೆಯಲ್ಲಿ ಒಂದು ಪುಟ ಗಾಡಿಗಿರಲಿ. ಎಣ್ಣೆ ಬದಲಿಸಿದ ತಾರೀಖು, ಕಿಲೋಮೀಟರು, ಪ್ಲಗ್ಗಿನ ನಂಬರು, ಸದ್ದು ಮೊದಲು ಕೇಳಿದ ದಿನ, ಇಷ್ಟು ಬರೆದಿಟ್ಟರೆ ಸಾಕು. ಕೊಯ್ಲಿಗೆ ಕೊಕ್ಕೆ, ಬುಟ್ಟಿ, ಚೀಲ ಸರಿಪಡಿಸಿಕೊಳ್ಳುವ ಈ ವಾರದಲ್ಲೇ ಒಂದು ಬೆಳಿಗ್ಗೆ ಬಾನೆಟ್ ಎತ್ತಿ ಐದು ನಿಮಿಷ ಕಿವಿಗೊಡಿ.

ಆ ಸುಳ್ಯದ ಸದಸ್ಯರು ಕೂಲಿಗೆಂದು ಇಟ್ಟ ಹಣ ಕೂಲಿಗೇ ಸಂದಿತು. ಬೇರೆ ಸದಸ್ಯರಿಗೂ ಹಾಗೆಯೇ ಆಗಲೆಂಬುದು ನಮ್ಮ ಆಶಯ.